ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲೇ ಕಟ್ಟಿದ ಆಂಪ್ಲಿಫೈಯರ್ ಏಕೆ ಗುಂಯ್‌ಗುಡುತ್ತದೆ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದಿವೆ. ಬಹುಪಾಲು ಪತ್ರಗಳಲ್ಲಿ ಓದುಗರು ಐಸಿಯನ್ನೋ ಸರ್ಕ್ಯೂಟ್ ಚಿತ್ರವನ್ನೋ ದೂರಿದ್ದಾರೆ. ಅವರು ಕಳಿಸಿದ ವಿವರಗಳನ್ನು ಓದುತ್ತಾ ಹೋದರೆ ತಪ್ಪು ಬೇರೆಲ್ಲೋ, ಸಾಮಾನ್ಯವಾಗಿ ಪವರ್ ಸಪ್ಲೈಯಲ್ಲೋ ಗ್ರೌಂಡ್ ತಂತಿಯಲ್ಲೋ, ಇರುವುದು ಕಾಣುತ್ತದೆ. ಮೊದಲ ಉತ್ತರ ದೀರ್ಘವಾಗಿರುವುದಕ್ಕೆ ಇದೇ ಕಾರಣ. ಇದೇ ತೊಂದರೆಯನ್ನು ಬರೆದ ಉಳಿದವರೂ ಅದನ್ನೇ ತಮ್ಮ ಉತ್ತರವೆಂದು ಓದಿಕೊಳ್ಳಬೇಕೆಂದು ಕೋರುತ್ತೇನೆ.

ಪ್ರಶ್ನೆ: ಟಿಡಿಎ 2030 ಐಸಿ ಎರಡನ್ನು ಬಳಸಿ, 12-0-12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿ ಸ್ಟೀರಿಯೊ ಆಂಪ್ಲಿಫೈಯರ್ ಕಟ್ಟಿದ್ದೇನೆ. ಹಾಡು ಚೆನ್ನಾಗಿಯೇ ಬರುತ್ತದೆ, ಆದರೆ ವಾಲ್ಯೂಮನ್ನು ಪೂರ್ತಿ ಇಳಿಸಿದರೂ ಸ್ಪೀಕರಿನಲ್ಲಿ ಒಂದೇ ಸಮನೆ ಗುಂಯ್ ಎನ್ನುವ ಸದ್ದು ಉಳಿಯುತ್ತದೆ. ಐಸಿಯನ್ನು ನಾಲ್ಕು ಬಾರಿ ಬದಲಿಸಿದೆ, ಪ್ರಯೋಜನವಾಗಲಿಲ್ಲ.
(ಕುವೆಂಪುನಗರ, ಮೈಸೂರು)

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆ ಐಸಿಗಳಿಗೆ ಶಿಕ್ಷೆಯಾಗಿದೆ. ವಾಲ್ಯೂಮ್ ಇಳಿಸಿದರೂ ಸದ್ದು ಉಳಿಯುತ್ತದೆ ಎಂಬ ನಿಮ್ಮ ಒಂದು ವಾಕ್ಯದಲ್ಲೇ ಅರ್ಧ ಉತ್ತರವಿದೆ: ಸದ್ದು ಫೋನಿನಿಂದಾಗಲಿ ಅದರ ಕೇಬಲಿನಿಂದಾಗಲಿ ಬರುತ್ತಿಲ್ಲ, ವಾಲ್ಯೂಮ್ ಕಂಟ್ರೋಲಿನ ಆಚೆಗೆ ಎಲ್ಲೋ ಹುಟ್ಟುತ್ತಿದೆ. ಖಚಿತಪಡಿಸಿಕೊಳ್ಳಲು ಐಸಿಯ ಇನ್‌ಪುಟ್ ಕೆಪಾಸಿಟರಿನ ಹೊರತುದಿಯನ್ನು ಅಲ್ಲಿಯೇ ಪಕ್ಕದ ಗ್ರೌಂಡಿಗೆ ಗಿಡ್ಡ ತಂತಿಯಿಂದ ಸೇರಿಸಿ ನೋಡಿ. ಸದ್ದು ನಿಂತರೆ ವಾಲ್ಯೂಮ್ ಕಂಟ್ರೋಲಿನಿಂದ ಬೋರ್ಡಿಗೆ ಬರುವ ತಂತಿಯಲ್ಲಿ ದೋಷವಿದೆ. ನಿಲ್ಲದಿದ್ದರೆ ಪವರ್ ಸಪ್ಲೈಯಲ್ಲಿ ಅಥವಾ ಗ್ರೌಂಡ್ ಜೋಡಿಸಿದ ಕ್ರಮದಲ್ಲಿದೆ.

ಮುಂದಿನ ಪರೀಕ್ಷೆಗೆ ಕಿವಿಯೇ ಸಾಕು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಎಸಿಯನ್ನು ಡಿಸಿಯಾಗಿಸುವ ಬ್ರಿಡ್ಜ್ ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಏರಿಳಿತ 100 ಆವರ್ತನದ್ದು. ವೀಣೆಯ ಊರಿನವರಾದ ನಿಮಗೆ ಇದನ್ನು ಶ್ರುತಿಯ ಲೆಕ್ಕದಲ್ಲಿ ಹೇಳಬಹುದು: ಸಿ ಶ್ರುತಿಗೆ ಹಿಡಿದ ಗಂಡುದನಿಯ ತಂಬೂರಿಯಲ್ಲಿ ಮಂದ್ರ ಪಂಚಮ ಸುಮಾರು 98 ಹರ್ಟ್ಸ್. ಸ್ಪೀಕರಿನ ಸದ್ದು ಆ ಪಂಚಮದ ಹತ್ತಿರವಿದ್ದರೆ ಅದು ಸಪ್ಲೈಯ ಏರಿಳಿತ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಕಿವಿಗಿಂತ ಹೆಚ್ಚಾಗಿ ಎದೆಗೆ ಗೊತ್ತಾಗುವಂತಿದ್ದರೆ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವೋ, ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಬಳೆಯಾದ ಗ್ರೌಂಡ್ ಲೂಪೋ ಒಳಗೆ ನುಸುಳುತ್ತಿದೆ ಎಂದು ತಿಳಿಯಬೇಕು. ಸಂಗೀತ ಕಲಿಯುವವರು ಮನೆಯಲ್ಲಿದ್ದರೆ ಅವರನ್ನು ಕರೆದು ಕೇಳಿಸಿ; ಮಲ್ಟಿಮೀಟರಿಗಿಂತ ಬೇಗ ಹೇಳುತ್ತಾರೆ.

ಮೊದಲು ಸಪ್ಲೈಯನ್ನು ನೋಡೋಣ. 12 ವೋಲ್ಟ್ ಎಂದು ಬರೆದಿರುವುದು ಎಸಿಯ ಸರಾಸರಿ ವರ್ಗಮೂಲ ಬೆಲೆ. ಅದರ ಶಿಖರ 1.414 ಪಟ್ಟು, ಎಂದರೆ ಸುಮಾರು 17 ವೋಲ್ಟ್. ಡಯೋಡು 0.7 ವೋಲ್ಟ್ ತಿಂದರೆ ಎರಡೂ ಕಡೆಗೆ ಹದಿನಾರು ಚಿಲ್ಲರೆ ವೋಲ್ಟ್ ಸಿಗುತ್ತದೆ, ಇದು ಟಿಡಿಎ 2030ರ ಮಿತಿಯಾದ ಪ್ಲಸ್ ಮೈನಸ್ 18ರ ಒಳಗೇ ಇದೆ. ಆದರೆ ನೀವು ಹಾಕಿರುವ ಫಿಲ್ಟರ್ ಕೆಪಾಸಿಟರ್ 1000 ಮೈಕ್ರೋಫ್ಯಾರಡ್ ಎಂದು ಬರೆದಿದ್ದೀರಿ. ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಸೆಕೆಂಡಿನ ನೂರನೇ ಒಂದು ಭಾಗದ ಅಂತರವಿದ್ದು, ಅಷ್ಟು ಹೊತ್ತು ಕೆಪಾಸಿಟರ್ ಒಂಟಿಯಾಗಿ ಹೊರೆ ಹೊರಬೇಕು. ಒಂದು ಆಂಪಿಯರ್ ಎಳೆದರೆ ಲೆಕ್ಕದ ಪ್ರಕಾರ ಅದರ ವೋಲ್ಟೇಜು ಹತ್ತು ವೋಲ್ಟಿನವರೆಗೂ ಕುಸಿಯಬಹುದು; 4700 ಹಾಕಿದರೆ ಆ ಕುಸಿತ ಎರಡು ವೋಲ್ಟಿಗೆ ಬರುತ್ತದೆ. ಆದ್ದರಿಂದ ಎರಡೂ ಕಡೆಗೆ 4700 ಮೈಕ್ರೋಫ್ಯಾರಡ್, 25 ವೋಲ್ಟಿಗಿಂತ ಕಡಿಮೆಯಲ್ಲದ ಕೆಪಾಸಿಟರ್ ಹಾಕಿ, ಐಸಿಯ ಕಾಲುಗಳ ಬುಡದಲ್ಲೇ 0.1 ಮೈಕ್ರೋಫ್ಯಾರಡಿನ ಒಂದೊಂದು ಸಣ್ಣ ಕೆಪಾಸಿಟರ್ ಸೇರಿಸಿ.

ಇಷ್ಟು ಮಾಡಿಯೂ ಸದ್ದು ಉಳಿದರೆ, ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ಉಳಿಯುತ್ತದೆ, ಗ್ರೌಂಡ್ ತಂತಿಗಳನ್ನು ಬಿಚ್ಚಿ ಹೊಸದಾಗಿ ಹಾಕಬೇಕು. ಸರ್ಕ್ಯೂಟ್ ಚಿತ್ರದಲ್ಲಿ ಗ್ರೌಂಡಿನ ಗುರುತುಗಳೆಲ್ಲ ಒಂದೇ ಎಂದು ಕಾಣುತ್ತವೆ. ತಾಮ್ರದ ತಂತಿಗೆ ಆ ಸಮಾನತೆ ಗೊತ್ತಿಲ್ಲ. ಟ್ರಾನ್ಸ್‌ಫಾರ್ಮರಿನ ನಡುವಿನ ತಂತಿಯಿಂದ ಫಿಲ್ಟರ್ ಕೆಪಾಸಿಟರುಗಳ ನಡುಬಿಂದುವಿಗೆ ಹೋಗುವ ತುಂಡಿನಲ್ಲಿ, ಕೆಪಾಸಿಟರ್ ತುಂಬುವ ಪ್ರತಿ ಸಲವೂ ಹಲವು ಆಂಪಿಯರುಗಳ ಕರೆಂಟು ಕ್ಷಣಮಾತ್ರ ಧುಮುಕುತ್ತದೆ, ಆ ತುಂಡಿನ ಎರಡು ತುದಿಗಳ ನಡುವೆ ಕೆಲವು ಮಿಲಿವೋಲ್ಟ್ ಏಳುತ್ತದೆ. ಇನ್‌ಪುಟ್ ಸಾಕೆಟ್ಟಿನ ಗ್ರೌಂಡನ್ನು ಅದೇ ತುಂಡಿನ ಮೇಲೆ ಎಲ್ಲೋ ಬೆಸೆದಿದ್ದರೆ ಆ ಮಿಲಿವೋಲ್ಟು ಹಾಡಿನ ಜೊತೆಗೇ ಐಸಿಗೆ ಹೋಗಿ, ಅಲ್ಲಿ ಮೂವತ್ತು ಪಟ್ಟು ಹಿಗ್ಗಿ ಸ್ಪೀಕರಿಗೆ ಬರುತ್ತದೆ. ಕೆಪಾಸಿಟರುಗಳ ನಡುಬಿಂದುವಿನಿಂದ ಒಂದು ದಪ್ಪ ತಂತಿಯನ್ನು ಒಂದಂಗುಲ ಈಚೆಗೆ ತಂದು ಅಲ್ಲಿ ಒಂದು ಕೂಟಬಿಂದು ಮಾಡಿ; ಎರಡು ಸ್ಪೀಕರುಗಳ ಮೈನಸ್, ಎರಡು ಬೋರ್ಡುಗಳ ಗ್ರೌಂಡ್, ಇನ್‌ಪುಟ್ಟಿನ ಗ್ರೌಂಡ್ ಎಲ್ಲವೂ ಬೇರೆಬೇರೆ ತಂತಿಗಳಲ್ಲಿ ಅಲ್ಲಿಗೇ ಬಂದು ಸೇರಲಿ. ಸ್ಪೀಕರಿನ ತಂತಿ ಇನ್ನೊಂದರ ದಾರಿಯಲ್ಲಿ ಹಾಯಬಾರದು.

ಇನ್ನು ಇನ್‌ಪುಟ್ ಸಾಕೆಟ್. ಅದನ್ನು ಅಲ್ಯುಮಿನಿಯಂ ತಗಡಿಗೆ ನೇರವಾಗಿ ತಿರುಪಿದ್ದರೆ ಗ್ರೌಂಡ್ ಕೇಬಲಿನ ಜಾಲರಿಯ ಮೂಲಕ ಒಂದು ಸಲ, ತಗಡಿನ ಮೂಲಕ ಇನ್ನೊಂದು ಸಲ ಸೇರಿ, ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ ಒಂದು ಬಳೆಯಾಗುತ್ತದೆ. ಪ್ಲಾಸ್ಟಿಕ್ ವಾಷರ್ ಹಾಕಿ ಸಾಕೆಟ್ಟನ್ನು ತಗಡಿನಿಂದ ಬೇರ್ಪಡಿಸಿ. ತಗಡಿನ ಪೆಟ್ಟಿಗೆಯನ್ನು ಮಾತ್ರ ಮೂರು ಪಿನ್ನಿನ ಪ್ಲಗ್ಗಿನ ಅರ್ಥಿಂಗಿಗೆ ಭದ್ರವಾಗಿ ಸೇರಿಸಿರಲೇಬೇಕು. ಹಮ್ಮಿಂಗ್ ಹೋಗಲೆಂದು ಅರ್ಥ್ ಪಿನ್ನನ್ನೇ ಕತ್ತರಿಸಿದ ಪೆಟ್ಟಿಗೆಗಳು ದುರಸ್ತಿಗೆಂದು ನನ್ನ ಮೇಜಿಗೆ ಬಂದಿವೆ. ಅಂಥವನ್ನು ನಾನು ಅರ್ಥ್ ಸರಿಮಾಡದೆ ಹಿಂದಿರುಗಿಸುವುದಿಲ್ಲ.

ಪ್ರಶ್ನೆ: ಎಲ್‌ಎಂ 386 ಬಳಸಿದ ಪುಟ್ಟ ಆಂಪ್ಲಿಫೈಯರ್ ವಾಲ್ಯೂಮ್ ಹೆಚ್ಚಿಸಿದ ಕೂಡಲೇ ಕೀಚಲು ದನಿಯಲ್ಲಿ ಕಿರುಚುತ್ತದೆ. ಬ್ರೆಡ್‌ಬೋರ್ಡಿನ ಮೇಲೆ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಹಲಗೆ) ಕಟ್ಟಿದ್ದೇನೆ.
(ಪಾಲಿಟೆಕ್ನಿಕ್ ವಿದ್ಯಾರ್ಥಿ, ಮಂಡ್ಯ)

ಉತ್ತರ: ಒಂದು ಮತ್ತು ಎಂಟನೇ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್ ಇಟ್ಟಿದ್ದೀರಿ, ಆದ್ದರಿಂದ ಐಸಿಯ ವರ್ಧನೆ 20ರ ಬದಲು 200 ಆಗಿದೆ. ಅಷ್ಟು ವರ್ಧನೆಯನ್ನು ಬ್ರೆಡ್‌ಬೋರ್ಡಿನ ಉದ್ದುದ್ದ ತಂತಿಗಳ ಮೇಲೆ ಪಳಗಿಸುವುದು ಕಷ್ಟ. ಫೋನಿನ ಸಿಗ್ನಲ್ಲಿಗೆ 20 ಧಾರಾಳವಾಗಿ ಸಾಕು, ಆ ಕೆಪಾಸಿಟರನ್ನು ತೆಗೆದುಬಿಡಿ. ಆರನೇ ಕಾಲಿನ ಬುಡದಲ್ಲಿ 100 ಮೈಕ್ರೋಫ್ಯಾರಡ್ ಹಾಗೂ 0.1 ಮೈಕ್ರೋಫ್ಯಾರಡ್ ಎರಡನ್ನೂ ಗ್ರೌಂಡಿಗೆ ಇಡಿ. ಐದನೇ ಕಾಲಿನಿಂದ ಗ್ರೌಂಡಿಗೆ 10 ಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಸಾಲಾಗಿ ಜೋಡಿಸಿ. ನಿಮ್ಮ ಚಿತ್ರದಲ್ಲಿ ಈ ಜೋಡಿ ಇತ್ತು, ಬೋರ್ಡಿನ ಛಾಯಾಚಿತ್ರದಲ್ಲಿ ಕಾಣಲಿಲ್ಲ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ, ಕಿವಿಗೆ ಕೇಳಿಸದಷ್ಟು ಎತ್ತರದ ಆವರ್ತನದಲ್ಲಿ ಐಸಿ ತಾನೇ ಕಂಪಿಸತೊಡಗದಂತೆ ಅದು ತಡೆಯುತ್ತದೆ. ಒಂಬತ್ತು ವೋಲ್ಟಿನ ಚಚ್ಚೌಕ ಬ್ಯಾಟರಿ ಹಳತಾಗುತ್ತಾ ಬಂದಾಗಲೂ ಇದೇ ಕಿರುಚಾಟ ಶುರುವಾಗುತ್ತದೆ, ಏಕೆಂದರೆ ಬ್ಯಾಟರಿಯ ಒಳಗಿನ ರೋಧ ಏರಿ, ಸ್ಪೀಕರ್ ಕರೆಂಟು ಎಳೆದಾಗೆಲ್ಲ ಸಪ್ಲೈಯೇ ತೂಗಾಡುತ್ತದೆ. ಹೊಸ ಬ್ಯಾಟರಿ ಹಾಕಿ ಒಮ್ಮೆ ನೋಡಿದ ಮೇಲೆಯೇ ಉಳಿದುದನ್ನು ಬಿಚ್ಚಿ.

ಪ್ರಶ್ನೆ: ಪಿಎಎಂ 8403 ಎಂಬ ಚಿಕ್ಕ ಬೋರ್ಡು ತರಿಸಿ ಹಳೆಯ ಟೇಪ್‌ರೆಕಾರ್ಡರಿನ ಪೆಟ್ಟಿಗೆಯಲ್ಲಿ ಕೂರಿಸಿದೆ. ತಂತಿ ಉಳಿಸಲು ಎರಡು ಸ್ಪೀಕರಿನ ಮೈನಸ್ಸುಗಳನ್ನು ಒಟ್ಟಿಗೆ ಸೇರಿಸಿ ಒಂದೇ ತಂತಿಯಲ್ಲಿ ತಂದೆ. ಐದು ನಿಮಿಷದಲ್ಲಿ ಬೋರ್ಡು ಸುಟ್ಟಿತು.
(ಮದ್ದೂರು)

ಉತ್ತರ: ಹಳೆಯ ಟೇಪ್‌ರೆಕಾರ್ಡರುಗಳಲ್ಲಿ ಎರಡು ಸ್ಪೀಕರುಗಳ ಮೈನಸ್ಸು ಒಂದೇ ಗ್ರೌಂಡಿಗೆ ಹೋಗುತ್ತಿದ್ದ ಕಾರಣ ನಿಮ್ಮ ಊಹೆ ಸಹಜವೇ. ಈ ಐಸಿಯಲ್ಲಿ ಮಾತ್ರ ಸ್ಪೀಕರಿನ ಯಾವ ತುದಿಯೂ ಗ್ರೌಂಡ್ ಅಲ್ಲ. ದೊಡ್ಡ ಗರಗಸವನ್ನು ಇಬ್ಬರು ಎರಡು ತುದಿಗಳಲ್ಲಿ ಹಿಡಿದು ಮರ ಕೊಯ್ಯುವಂತೆ, ಒಂದು ತುದಿ ಮೇಲೇರಿದಾಗ ಇನ್ನೊಂದು ತುದಿ ಕೆಳಗಿಳಿಯುತ್ತದೆ. ಇದನ್ನು ಬ್ರಿಡ್ಜ್ ಜೋಡಣೆ ಎನ್ನುತ್ತಾರೆ. ಬರೀ 5 ವೋಲ್ಟಿನಲ್ಲಿ, 4 ಓಮ್ ಸ್ಪೀಕರಿಗೆ ಮೂರು ವ್ಯಾಟಿನಷ್ಟು ಸಿಗುವುದು ಈ ಉಪಾಯದಿಂದಲೇ. ನೀವು ಎರಡು ಚಾನೆಲ್ಲುಗಳ ಒಂದೊಂದು ತುದಿಯನ್ನು ಪರಸ್ಪರ ಗಂಟು ಹಾಕಿದಾಗ ಇಬ್ಬರು ಬೇರೆಬೇರೆ ತಾಳದ ಗರಗಸಗಾರರನ್ನು ಒಂದೇ ಹಿಡಿಗೆ ಕಟ್ಟಿದಂತಾಯಿತು, ಒಂದು ಚಾನೆಲ್ಲು ನೂಕಿದ್ದನ್ನು ಇನ್ನೊಂದು ಎಳೆಯಿತು. ಪ್ರತಿ ಸ್ಪೀಕರಿಗೂ ಎರಡೆರಡು ತಂತಿ ಕೊಡಿ. ಹೆಡ್‌ಫೋನ್ ಸಾಕೆಟ್ಟನ್ನೂ ಈ ಬೋರ್ಡಿಗೆ ಹಾಕಬೇಡಿ, ಅದರಲ್ಲಿಯೂ ಎರಡು ಕಿವಿಗಳ ಮೈನಸ್ಸು ಒಂದೇ. ಇದೇ ಎಚ್ಚರಿಕೆ ಟಿಡಿಎ 7297 ಬೋರ್ಡಿಗೂ ಅನ್ವಯಿಸುತ್ತದೆ. ಸಪ್ಲೈ 5.5 ವೋಲ್ಟು ದಾಟಕೂಡದು. ಇದಕ್ಕೆ ಫೋನ್ ಚಾರ್ಜರಿಗಿಂತ ಪವರ್ ಬ್ಯಾಂಕು ಮೇಲು, ಗುಂಯ್‌ಗುಡುವುದಿಲ್ಲ.

ಪ್ರಶ್ನೆ: ತಾತನ ಕಾಲದ ವಾಲ್ವ್ ರೇಡಿಯೊ ಅಟ್ಟದ ಮೇಲೆ ಮೂವತ್ತು ವರ್ಷಗಳಿಂದ ಇತ್ತು. ಕೆಳಗಿಳಿಸಿ ಒರೆಸಿದ್ದೇವೆ. ಪ್ಲಗ್ ಹಾಕಿ ನೋಡಬಹುದೇ? ಮೈಸೂರು ಆಕಾಶವಾಣಿಯನ್ನು ಅದರಲ್ಲಿ ಮತ್ತೆ ಕೇಳಬೇಕೆಂಬುದು ಮನೆಯವರ ಆಸೆ.
(ಶ್ರೀರಂಗಪಟ್ಟಣ)

ಉತ್ತರ: ಪ್ಲಗ್ ಹಾಕುವ ಮುನ್ನ ನನಗೆ ಬರೆದು ಕೇಳಿದ್ದಕ್ಕೆ ಧನ್ಯವಾದ. ಇಂಥ ರೇಡಿಯೊಗಳಲ್ಲಿ ಹಲವು ಹಾಳಾಗುವುದು ಅಟ್ಟದ ಮೇಲಿದ್ದ ಮೂವತ್ತು ವರ್ಷಗಳಲ್ಲಿ ಅಲ್ಲ, ಕೆಳಗಿಳಿದ ಮೊದಲ ಮೂವತ್ತು ಸೆಕೆಂಡುಗಳಲ್ಲಿ.

ಮೊದಲು ಹಿಂಬದಿಯ ರಟ್ಟನ್ನು ತೆಗೆದು ವಾಲ್ವುಗಳ ಮೇಲಿನ ಹೆಸರನ್ನು ಓದಿ. ಯೂರೋಪಿನ ಪದ್ಧತಿಯ ಹೆಸರಿನಲ್ಲಿ ಮೊದಲ ಅಕ್ಷರ 'ಇ' ಇದ್ದರೆ, ಉದಾಹರಣೆಗೆ ಇಎಲ್ 84, ಅದು 6.3 ವೋಲ್ಟಿನ ಹೀಟರಿನದು, ಮತ್ತು ಸೆಟ್ಟಿನಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಮೊದಲ ಅಕ್ಷರ 'ಯು' ಆಗಿದ್ದರೆ, ಯುಎಲ್ 84 ಎಂಬಂತೆ, ಹೀಟರುಗಳೆಲ್ಲ 100 ಮಿಲಿಆಂಪಿಯರಿನಲ್ಲಿ ಸರಣಿಯಾಗಿ ಜೋಡಣೆಗೊಂಡಿರುತ್ತವೆ. ಎಸಿ, ಡಿಸಿ ಎರಡರಲ್ಲೂ ನಡೆಯುವಂತೆ ಮಾಡಿದ ಈ ಸೆಟ್ಟುಗಳಲ್ಲಿ ಒಳಗಿನ ತಗಡಿನ ಚಾಸಿಯೇ ನೇರವಾಗಿ ಕರೆಂಟಿನ ಒಂದು ತಂತಿಗೆ ಸೇರಿರುತ್ತದೆ. ಪ್ಲಗ್ಗು ತಿರುವುಮುರುವಾದರೆ ಚಾಸಿಯ ಮೇಲೆ 230 ವೋಲ್ಟು ಕೂತಿರುತ್ತದೆ, ಗುಂಡಿ ಕಳಚಿ ಬಿದ್ದ ವಾಲ್ಯೂಮಿನ ಕಬ್ಬಿಣದ ಕಡ್ಡಿಯನ್ನು ಮುಟ್ಟಿದರೂ ಸಾಕು. ನಿಮ್ಮದು ಈ ಬಗೆಯದಾದರೆ, ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೈ ಹಾಕಬೇಡಿ, ಅನುಭವಿಗಳಿಗೆ ಒಪ್ಪಿಸಿ.

ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಾದರೆ ಮುಂದುವರಿಯಬಹುದು. ಹಿಂದುಗಡೆ ವೋಲ್ಟೇಜು ಆರಿಸುವ ಪಟ್ಟಿ ಇದ್ದರೆ ಅದನ್ನು ಅತಿ ಹೆಚ್ಚಿನ ಗುರುತಿಗೆ ಇಡಿ. ಆಮೇಲೆ ಕೆಪಾಸಿಟರುಗಳು. ಮೇಣ ಮೆತ್ತಿದ ಕಾಗದದ ಕೆಪಾಸಿಟರುಗಳು ನಮ್ಮ ಕಾವೇರಿ ಬಯಲಿನ ತೇವದಲ್ಲಿ ಒಂದೂ ಸರಿಯಾಗಿ ಉಳಿದಿರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಅವುಗಳಲ್ಲಿ ಎರಡನ್ನು ಮೊದಲು ಹುಡುಕಬೇಕು. ಒಂದು, ಮೇನ್ಸ್ ತಂತಿಗಳ ನಡುವೆ ಇರುವುದು. ಅದರ ಜಾಗಕ್ಕೆ, ಮೇನ್ಸಿಗೆಂದೇ ಮಾಡಿದ ಎಕ್ಸ್ 2 ವರ್ಗದ್ದೆಂದು ಬರೆದಿರುವುದನ್ನೇ ಹಾಕಬೇಕು, ಬೇರೆಯದು ಬೆಂಕಿಗೆ ಕಾರಣವಾಗಬಹುದು. ಇನ್ನೊಂದು, ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಸಿಗ್ನಲ್ ಒಯ್ಯುವ 0.01 ಅಥವಾ 0.02 ಮೈಕ್ರೋಫ್ಯಾರಡಿನದು. ಇದು ಸೋರಿದರೆ ಹಿಂದಿನ ಹಂತದ ಧನ ವೋಲ್ಟೇಜು ಗ್ರಿಡ್ಡಿಗೆ ಬಂದು, ವಾಲ್ವು ಮಿತಿಮೀರಿ ಕರೆಂಟೆಳೆದು ಕೆಂಪಗೆ ಕಾಯುತ್ತದೆ, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಕರೆದುಕೊಂಡು ಹೋಗುತ್ತದೆ. ಕೆಲವೇ ರೂಪಾಯಿಯ ಬಿಡಿಭಾಗಕ್ಕಾಗಿ ಈಗ ಸಿಗದ ಟ್ರಾನ್ಸ್‌ಫಾರ್ಮರನ್ನು ಸುಟ್ಟುಕೊಂಡವರಲ್ಲಿ ನಾನೂ ಒಬ್ಬ. 630 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿ.

ಮೊದಲ ಸಲ ಕರೆಂಟು ಕೊಡುವಾಗ ಸೀರೀಸ್ ಬಲ್ಬಿನ ಮೂಲಕವೇ ಕೊಡಿ. 60 ವ್ಯಾಟಿನ ಹಳೆಯ ತಂತಿಬಲ್ಬನ್ನು ರೇಡಿಯೊದೊಂದಿಗೆ ಸರಣಿಯಲ್ಲಿ ಸೇರಿಸಬೇಕು, ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಬಲ್ಬು ಒಮ್ಮೆ ಹೊಳೆದು ನಿಧಾನವಾಗಿ ಮಂಕಾದರೆ ಶುಭ. ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆ ಎಲ್ಲೋ ಶಾರ್ಟ್ ಇದೆ, ತಕ್ಷಣ ತೆಗೆಯಿರಿ. ಒಳಗೆ ಸುಮಾರು 250 ವೋಲ್ಟಿನ ಡಿಸಿ ಇರುವುದರಿಂದ ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕೆಪಾಸಿಟರನ್ನು ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡಿ, ಆಮೇಲೆ ಮುಟ್ಟಿ.

ಮನೆಯವರ ಆಸೆಯ ವಿಷಯ. ಮೈಸೂರು ಆಕಾಶವಾಣಿ ಈಗ ಎಫ್‌ಎಂನಲ್ಲಿ, 100.6 ಮೆಗಾಹರ್ಟ್ಸಿನಲ್ಲಿ ಪ್ರಸಾರವಾಗುತ್ತದೆ, ನಿಮ್ಮ ರೇಡಿಯೊದಲ್ಲಿ ಇರುವುದು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಮಾತ್ರ. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸನ್ನು ಪ್ರಯತ್ನಿಸಿ. ಡಯಲಿನ ಮೇಲೆ ಮೀಟರಿನ ಲೆಕ್ಕವಿದ್ದರೆ ಮುಳ್ಳನ್ನು 490ರ ಬಳಿಗೆ ತನ್ನಿ. ಮೈಸೂರು ಕೇಂದ್ರವೇ ಬೇಕೆಂದರೆ ಒಂದು ದಾರಿಯಿದೆ: ಬಹಳಷ್ಟು ಹಳೆಯ ಸೆಟ್ಟುಗಳ ಹಿಂದೆ ಗ್ರಾಮಫೋನ್ ಜೋಡಿಸಲು ಎರಡು ತೂತುಗಳ ಸಾಕೆಟ್ ಇರುತ್ತದೆ, ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಾದರೆ ಪುಟ್ಟ ಎಫ್‌ಎಂ ರಿಸೀವರಿನ ಔಟ್‌ಪುಟ್ಟನ್ನು ಅದಕ್ಕೆ ಕೊಡಬಹುದು. ದನಿ ತಾತನ ಸ್ಪೀಕರಿನಿಂದಲೇ ಬರುತ್ತದೆ.

ಪ್ರಶ್ನೆ: ಶಾಲೆಯಲ್ಲಿ ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ. ಇದೆ. ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಟಿ.ವಿ.ಯ ಹಳದಿ, ಬಿಳಿ, ಕೆಂಪು ಸಾಕೆಟ್ಟಿಗೆ ಹೋಗುವ ಕೇಬಲ್ ಕೊಂಡೆ. ಚಿತ್ರವೇ ಬರಲಿಲ್ಲ. ಟಿ.ವಿ. ಬಿಚ್ಚಿ ನೋಡಬೇಕೇ?
(ಶಿಕ್ಷಕಿ, ಪಾಂಡವಪುರ)

ಉತ್ತರ: ದಯವಿಟ್ಟು ಬಿಚ್ಚಬೇಡಿ. ಪಿಕ್ಚರ್ ಟ್ಯೂಬಿನ ಬೆನ್ನಿನ ರಬ್ಬರ್ ಟೋಪಿಯ ಕೆಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಹೆಚ್ಚಿನ ಒತ್ತಡವಿರುತ್ತದೆ, ಟ್ಯೂಬೇ ಕೆಪಾಸಿಟರಿನಂತೆ ವರ್ತಿಸಿ ಸ್ವಿಚ್ ಆರಿಸಿದ ಮೇಲೂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಟಿ.ವಿ.ಯಲ್ಲಿ ದೋಷವೂ ಇಲ್ಲ.

ತಪ್ಪಿರುವುದು ಕೇಬಲಿನಲ್ಲಿ, ಅದನ್ನು ಮಾರಿದ ಅಂಗಡಿಯವರಿಗೂ ಬಹುಶಃ ಇದು ತಿಳಿದಿರಲಿಲ್ಲ. ಎಚ್‌ಡಿಎಂಐಯಲ್ಲಿ ಚಿತ್ರವು ಸೊನ್ನೆ ಒಂದುಗಳ ವೇಗದ ಸರಮಾಲೆಯಾಗಿ ಹೋಗುತ್ತದೆ. ಹಳದಿ ಸಾಕೆಟ್ಟು ಬಯಸುವುದು 75 ಓಮಿನ ತಂತಿಯಲ್ಲಿ ಒಂದು ವೋಲ್ಟಿನ ಎತ್ತರದ, ಗೆರೆಗೆರೆಯಾಗಿ ಏರಿಳಿಯುವ ಅನಲಾಗ್ ಅಲೆಯನ್ನು. ಒಂದು ಭಾಷೆಯ ಪತ್ರವನ್ನು ಇನ್ನೊಂದು ಲಕೋಟೆಗೆ ಹಾಕಿದ ಮಾತ್ರಕ್ಕೆ ಅನುವಾದವಾಗದು. ಬರೀ ತಂತಿ ಈ ಕೆಲಸ ಮಾಡಲಾರದು, ನಡುವೆ ಚಿಪ್ ಇರುವ ಪರಿವರ್ತಕ ಪೆಟ್ಟಿಗೆ ಬೇಕು. ಅದನ್ನು ಗುರುತಿಸುವುದು ಸುಲಭ: ಅದಕ್ಕೆ ಯುಎಸ್‌ಬಿಯಿಂದ 5 ವೋಲ್ಟಿನ ಸಪ್ಲೈ ಕೊಡಲು ಜಾಗವಿರುತ್ತದೆ, ಪಕ್ಕದಲ್ಲಿ ಪಾಲ್ ಮತ್ತು ಎನ್‌ಟಿಎಸ್‌ಸಿ ಎಂಬ ಎರಡು ಸ್ಥಾನಗಳ ಪುಟ್ಟ ಸ್ವಿಚ್ ಇರುತ್ತದೆ. ಇವು ಟಿ.ವಿ. ಚಿತ್ರದ ಎರಡು ಪದ್ಧತಿಗಳು; ನಮ್ಮ ದೇಶದ್ದು ಪಾಲ್, ಸ್ವಿಚ್ಚನ್ನು ಆ ಕಡೆಗೆ ಇಡಿ. ಕೊಳ್ಳುವಾಗ ದಿಕ್ಕನ್ನೂ ನೋಡಿ, ಎಚ್‌ಡಿಎಂಐ ಒಳಗೆ, ಎವಿ ಹೊರಗೆ ಇರಬೇಕು. ತದ್ವಿರುದ್ಧದ ಪೆಟ್ಟಿಗೆಯೂ ನೋಡಲು ಹಾಗೆಯೇ ಇರುತ್ತದೆ.

ನಿರಾಶೆಯಾಗದಿರಲೆಂದು ಒಂದು ಮಾತು. ಪಾಲ್ ಪದ್ಧತಿಯ 625 ಗೆರೆಗಳಲ್ಲಿ ಚಿತ್ರ ಕಾಣುವುದು 576 ಗೆರೆಗಳಲ್ಲಿ ಮಾತ್ರ, ಆದ್ದರಿಂದ 1080 ಗೆರೆಗಳ ಲ್ಯಾಪ್‌ಟಾಪ್ ಪರದೆಯ ಸಣ್ಣ ಅಕ್ಷರಗಳು ಅದರಲ್ಲಿ ಕಲಸಿದಂತೆ ಕಾಣುತ್ತವೆ. ಪಾಠದ ಅಕ್ಷರಗಳನ್ನು ದೊಡ್ಡದಾಗಿಸಿ. ಒತ್ತಕ್ಷರಗಳು ಹಿಂದಿನ ಬೆಂಚಿಗೂ ಸ್ಪಷ್ಟವಾಗುವಷ್ಟು ದೊಡ್ಡದಾಗಿದ್ದರೆ ಸರಿಯಾಗುತ್ತದೆ. ವೀಡಿಯೊ ಪಾಠಗಳಿಗೆ ಏನೂ ತೊಂದರೆಯಿಲ್ಲ. ಟಿ.ವಿ.ಯಲ್ಲಿ ಧ್ವನಿಗೆ ಒಂದೇ ಸಾಕೆಟ್ ಇದ್ದರೆ ಬಿಳಿಯ ತಂತಿಯನ್ನು ಸೇರಿಸಿ.

ಪ್ರಶ್ನೆ: ಡಿಡಿ ಫ್ರೀ ಡಿಶ್ ತಟ್ಟೆಯನ್ನು ಗಾಳಿ ತಿರುಗಿಸಿಬಿಟ್ಟಿದೆ. ನಾನೇ ಸರಿಮಾಡಬಹುದೇ?
(ರೈತರು, ಕೆ.ಆರ್. ಪೇಟೆ ತಾಲ್ಲೂಕು)

ಉತ್ತರ: ಖಂಡಿತ ಮಾಡಬಹುದು. ಆ ಚಾನೆಲ್ಲುಗಳನ್ನು ಕಳಿಸುವ ಜಿಸ್ಯಾಟ್-15 ಉಪಗ್ರಹ ಪೂರ್ವ ರೇಖಾಂಶ 93.5 ಡಿಗ್ರಿಯ ಮೇಲೆ, ಭೂಮಧ್ಯರೇಖೆಯ ನೇರಕ್ಕೆ ನಿಂತಿದೆ. ಮೈಸೂರು, ಮಂಡ್ಯದ ಕಡೆಯಿಂದ ನೋಡಿದರೆ ಅದು ಉತ್ತರದಿಂದ ಬಲಕ್ಕೆ ಎಣಿಸಿ ಸುಮಾರು 125 ಡಿಗ್ರಿ, ಎಂದರೆ ಆಗ್ನೇಯ ಮೂಲೆಯಿಂದ ಕೊಂಚ ಪೂರ್ವಕ್ಕೆ, ನೆಲದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ತಟ್ಟೆ ನೋಡಲು ಅಷ್ಟು ಮೇಲ್ಮುಖವಾಗಿ ಕಾಣುವುದಿಲ್ಲ, ಏಕೆಂದರೆ ನಮ್ಮ ಮನೆಗಳ ಆಫ್‌ಸೆಟ್ ತಟ್ಟೆ ತನ್ನ ಮುಖಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೆ ನೋಡುತ್ತದೆ. ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಕೂದಲೆಳೆಯಷ್ಟು ತಿರುಗಿಸಿ ನಾಲ್ಕೈದು ಸೆಕೆಂಡು ಕಾಯಿರಿ, ಬಾಕ್ಸು ಸಿಗ್ನಲ್ ಹಿಡಿಯಲು ಅಷ್ಟು ಹೊತ್ತು ಬೇಕು. ಕೇಬಲ್ ಬಿಚ್ಚುವ ಮೊದಲು ಬಾಕ್ಸನ್ನು ಆರಿಸಿ. ಅದೇ ತಂತಿಯಲ್ಲಿ, ತಟ್ಟೆಯ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟು ಹೋಗುತ್ತಿರುತ್ತದೆ, ಜಾಲರಿಯ ಒಂದೆಳೆ ನಡುತಂತಿಗೆ ತಾಗಿದರೂ ಬಾಕ್ಸಿಗೆ ಪೆಟ್ಟು.

ಪ್ರಶ್ನೆ: ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕರೊಬ್ಬರು ಮನೆಯಲ್ಲೇ ರೇಡಿಯೊ ಕೇಂದ್ರ ನಡೆಸಿದ್ದರೆಂದು ಓದಿದ್ದೇನೆ. ನಮ್ಮ ಹಾಸ್ಟೆಲಿಗೆ ನಾನೊಂದು ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್ ಏಕೆ ಮಾಡಬಾರದು?
(ಇಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಉತ್ತರ: ನೀವು ಓದಿದ್ದು ನಿಜ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 30 ವ್ಯಾಟಿನ ಟ್ರಾನ್ಸ್‌ಮಿಟರಿನಿಂದ ಆರಂಭಿಸಿದ ಆ ಕೇಂದ್ರಕ್ಕೆ 'ಆಕಾಶವಾಣಿ' ಎಂದು ಹೆಸರಿತ್ತು. ದೇಶದ ಪ್ರಸಾರಸಂಸ್ಥೆ ಇಂದು ಅದೇ ಹೆಸರಿನಿಂದ ಕರೆಸಿಕೊಳ್ಳುತ್ತಿದೆ. ಇಲೆಕ್ಟ್ರಾನಿಕ್ಸ್ ಓದದ ಮೇಷ್ಟರೊಬ್ಬರು ಇದನ್ನು ಮಾಡಿದರೆಂಬುದು ನನಗಂತೂ ಇಂದಿಗೂ ಹೆಮ್ಮೆ ತರುವ ಸಂಗತಿ.

ಆದರೂ ನಿಮ್ಮ ಪ್ರಶ್ನೆಗೆ ಉತ್ತರ ಮಾಡಬಾರದು ಎಂದೇ. ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ ಎಂಬುದು ಒಂದು ಕಾರಣ. ಹವ್ಯಾಸಿಗಳಿಗೆ ಅರ್ಥವಾಗಬೇಕಾದ ಕಾರಣ ಇನ್ನೊಂದಿದೆ. ಪುಸ್ತಕಗಳಲ್ಲಿ ಬರುವ ಒಂದು ಟ್ರಾನ್ಸಿಸ್ಟರಿನ ಟ್ರಾನ್ಸ್‌ಮಿಟರು ಒಂದು ಜಾಗದಲ್ಲಿ ನಿಲ್ಲುವ ಜಾತಿಯದಲ್ಲ. ಕೈ ಹತ್ತಿರ ಬಂದರೆ, ಬಿಸಿಲು ಏರಿದರೆ, ಬ್ಯಾಟರಿ ಇಳಿದರೆ ಅದರ ಆವರ್ತನ ಸರಿಯುತ್ತದೆ. ಎಫ್‌ಎಂ ಪಟ್ಟಿ 108 ಮೆಗಾಹರ್ಟ್ಸಿಗೆ ಮುಗಿದ ಕೂಡಲೇ ವಿಮಾನಗಳಿಗೆ ದಾರಿ ತೋರಿಸುವ ಸಿಗ್ನಲ್ಲುಗಳೂ, ಅದರ ಮೇಲೆ 118ರಿಂದ ವಿಮಾನ ಚಾಲಕರ ಮಾತುಕತೆಯೂ ಶುರುವಾಗುತ್ತದೆ. ಮಂಡಕಳ್ಳಿಯ ವಿಮಾನ ನಿಲ್ದಾಣ ನಿಮ್ಮ ಹಾಸ್ಟೆಲಿನಿಂದ ಎಷ್ಟು ದೂರ, ನೀವೇ ಹೇಳಿ.

ಹಂಬಲ ನಿಜವಾದದ್ದಾದರೆ ಹವ್ಯಾಸಿ ರೇಡಿಯೊ ಪರೀಕ್ಷೆ ಬರೆದು ಪರವಾನಗಿ ಪಡೆಯಿರಿ. ಅದರಲ್ಲಿ ಹಾಡು ಪ್ರಸಾರ ಮಾಡುವಂತಿಲ್ಲ, ಆದರೆ ಟ್ರಾನ್ಸ್‌ಮಿಟರನ್ನು ಸ್ವಂತ ಕೈಯಿಂದ ಕಟ್ಟಿ ದೂರದೇಶದವರೊಡನೆ ಮಾತನಾಡಬಹುದು. ಹಾಸ್ಟೆಲಿಗೆ ಹಾಡೇ ಮುಖ್ಯವಾದರೆ ತಂತಿ ಎಳೆಯಿರಿ. ಸಭೆ ಸಮಾರಂಭಗಳ ಧ್ವನಿವರ್ಧಕದವರು ಬಳಸುವ 100 ವೋಲ್ಟ್ ಲೈನ್ ಪದ್ಧತಿಯಲ್ಲಿ ಪ್ರತಿ ಸ್ಪೀಕರಿಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಹಾಕಿ, ಹತ್ತಾರು ಕೊಠಡಿಗಳಿಗೆ ತೆಳ್ಳನೆಯ ತಂತಿಯಲ್ಲೇ ಧ್ವನಿ ಒಯ್ಯಬಹುದು. 10 ವ್ಯಾಟಿನ ಒಂದು ಸ್ಪೀಕರು ಆ ಲೈನಿಗೆ 1000 ಓಮಿನಂತೆ ಕಾಣುತ್ತದೆ, ಹತ್ತು ಸ್ಪೀಕರು ಸೇರಿದರೆ 100 ಓಮ್. ಎಲ್ಲ ಸ್ಪೀಕರುಗಳ ವ್ಯಾಟು ಕೂಡಿದ ಮೊತ್ತ ಆಂಪ್ಲಿಫೈಯರಿನ ವ್ಯಾಟನ್ನು ಮೀರದಿದ್ದರೆ ಆಯಿತು. ರಾತ್ರಿ ಹತ್ತರ ನಂತರ ಆರಿಸಿ, ವಾರ್ಡನ್ನರ ಮಾತು ಹಾಗಿರಲಿ, ಶಬ್ದಮಾಲಿನ್ಯದ 2000ದ ನಿಯಮಗಳೂ ಬೆಳಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕವನ್ನು ಒಪ್ಪುವುದಿಲ್ಲ.

ಪ್ರಶ್ನೆ: 8 ಓಮಿನ ಟ್ವೀಟರಿಗೆ ಯಾವ ಕೆಪಾಸಿಟರ್ ಹಾಕಲಿ?
(ನಂಜನಗೂಡು)

ಉತ್ತರ: 4.7 ಮೈಕ್ರೋಫ್ಯಾರಡ್, ನಾನ್-ಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ್ದು). ಅದರಿಂದ ಸುಮಾರು 4200 ಹರ್ಟ್ಸಿನ ಕೆಳಗಿನದು, ಎತ್ತರದ ದನಿಗೆಂದೇ ಇರುವ ಟ್ವೀಟರಿಗೆ ಹೋಗುವುದು ತಗ್ಗುತ್ತದೆ. ಮೀಟರಿನಲ್ಲಿ 6 ಅಥವಾ 7 ಓಮ್ ತೋರಿಸಿದರೆ ಟ್ವೀಟರು ಕೆಟ್ಟಿದೆಯೆಂದುಕೊಳ್ಳಬೇಡಿ, 8 ಎಂಬುದು ಎಸಿಯ ಲೆಕ್ಕ.

ಪ್ರಶ್ನೆ: ನಮ್ಮ ಮುತ್ತಜ್ಜ ಶಿವನಸಮುದ್ರದ ವಿದ್ಯುದಾಗಾರದಲ್ಲಿ ಕೆಲಸಕ್ಕಿದ್ದರು. ಅವರ ಪೆಟ್ಟಿಗೆಯಲ್ಲಿ ಭಾರವಾದ ಟ್ರಾನ್ಸ್‌ಫಾರ್ಮರ್ ಸಿಕ್ಕಿದೆ. ಹಿತ್ತಾಳೆಯ ಪಟ್ಟಿಯ ಮೇಲೆ 230 ವೋಲ್ಟ್, 24 ವೋಲ್ಟ್, 25 ಸೈಕಲ್ಸ್ ಎಂದಿದೆ. ಆಂಪ್ಲಿಫೈಯರಿಗೆ ಬಳಸಬಹುದೇ?
(ಮಳವಳ್ಳಿ)

ಉತ್ತರ: ಈ ಪತ್ರ ಓದಿ ಸಂತೋಷವಾಯಿತು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಕಳಿಸಲು ಆರಂಭಿಸಿದ ಶಿವನಸಮುದ್ರದ ಕೇಂದ್ರದಲ್ಲಿ ಆಗ ಉತ್ಪಾದನೆಯಾಗುತ್ತಿದ್ದದ್ದು 25 ಸೈಕಲ್ಲಿನ ವಿದ್ಯುತ್ತು, ಇಂದಿನ 50ರದ್ದಲ್ಲ. ಆವರ್ತನ ಕಡಿಮೆಯಿದ್ದಷ್ಟೂ ಟ್ರಾನ್ಸ್‌ಫಾರ್ಮರಿಗೆ ಹೆಚ್ಚು ಕಬ್ಬಿಣ ಬೇಕು, ನಿಮ್ಮದು ಅಷ್ಟು ಭಾರವಾಗಿರುವುದು ಅದಕ್ಕೇ. ಅದೇ 230 ವೋಲ್ಟನ್ನು 50 ಸೈಕಲ್ಲಿನಲ್ಲಿ ಕೊಟ್ಟರೆ ಕಬ್ಬಿಣದೊಳಗಿನ ಕಾಂತಪ್ರವಾಹ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಆ ಕಡೆಯಿಂದ ಅಪಾಯವಿಲ್ಲ. ಸುತ್ತಲೂ ಚೆಲ್ಲುವ ಕಾಂತಕ್ಷೇತ್ರವೂ ಕಡಿಮೆಯಾಗಿ ಹಮ್ಮಿಂಗ್ ಈಗಿನ ಅಗ್ಗದ ಟ್ರಾನ್ಸ್‌ಫಾರ್ಮರಿಗಿಂತ ಕಮ್ಮಿಯೇ ಇರುತ್ತದೆ. 50 ಸೈಕಲ್ಲಿನದನ್ನು 25ಕ್ಕೆ ಹಾಕಿದ್ದರೆ ಮಾತ್ರ ಅದು ಸುಡುತ್ತಿತ್ತು.

ಅನುಮಾನವಿರುವುದು ನಿರೋಧಕದ ಮೇಲೆ. ಅಂದಿನ ಸುರುಳಿಗಳಿಗೆ ಹತ್ತಿಬಟ್ಟೆ, ಕಾಗದ, ಅರಗು ಸುತ್ತುತ್ತಿದ್ದರು, ತೇವ ಕುಡಿದ ಕಾಗದ ಕರೆಂಟನ್ನು ತಡೆಯುವುದಿಲ್ಲ. ಎರಡು ದಿನ ಒಣಬಿಸಿಲಿನಲ್ಲಿಟ್ಟು, 500 ವೋಲ್ಟಿನ ಮೆಗ್ಗರ್ (ನಿರೋಧಕವನ್ನು ಪರೀಕ್ಷಿಸುವ ಮೀಟರು) ಇರುವ ಎಲೆಕ್ಟ್ರಿಷಿಯನ್ನರಿಂದ ಎರಡು ಸುರುಳಿಗಳ ನಡುವೆಯೂ ಸುರುಳಿ ಮತ್ತು ಕಬ್ಬಿಣದ ನಡುವೆಯೂ ಅಳತೆ ಮಾಡಿಸಿ. ಹಲವು ಮೆಗಾಓಮ್ ತೋರಿಸದಿದ್ದರೆ ಅದನ್ನು ಹಿತ್ತಾಳೆ ಪಟ್ಟಿಯ ಸಮೇತ ಶೋಕೇಸಿನಲ್ಲಿಡಿ. ತೋರಿಸಿದರೆ, ಕಬ್ಬಿಣವನ್ನು ಅರ್ಥಿಂಗಿಗೆ ಸೇರಿಸಿ, ಪ್ರೈಮರಿಗೆ ಫ್ಯೂಸ್ ಹಾಕಿ, ಸೀರೀಸ್ ಬಲ್ಬಿನ ಮೂಲಕ ಏನೂ ಹೊರೆಯಿಲ್ಲದೆ ಎರಡು ಗಂಟೆ ನಡೆಸಿ, ಪ್ಲಗ್ ತೆಗೆದು ಮುಟ್ಟಿ ನೋಡಿ. ಬೆಚ್ಚಗಾಗದೆ ಇದ್ದರೆ 24 ವೋಲ್ಟು ಶಿಖರದಲ್ಲಿ 34 ಆಗುವುದೆಂಬುದನ್ನು ನೆನಪಿಟ್ಟು, 50 ವೋಲ್ಟಿನ ಕೆಪಾಸಿಟರುಗಳನ್ನು ಕೊಳ್ಳಿರಿ.